ಹಿಂಬದಿಯ ಕೊನೆಯ ಹಾಡು

ಅಂಟನ್ನು ಮಿಸೆಸ್ ಕ್ರ್ಯಾಬ್‌ಟ್ರೀ ಮನೆಯಲ್ಲೇ ಮೈದಾಹಿಟ್ಟು ಕಾಸಿ ತಂದಿದ್ದಳು. ಅದರ ಹಸಿ ವಾಸನೆಗೆ ಹೆಡ್ಲಿ ಬಾರಕ್ಲಫ್ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದ. ಪ್ರಾವಿಡೆನ್ಸ್ ಚಾಪೆಲ್ಲಿಗೆ ಅಂಟಿಕೊಂಡ ಸಂಡೇಸ್ಕೂಲಿನ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿ ಸಭೆಯವರೆಲ್ಲ ಎರಡೂ ಕಡೆ ಕೂತಿದ್ದರು. ಚಾಪೆಲ್ಲಿನ ಯುವಕರು ಹಾಡಿದ ಗ್ರಾಮಫೋನ್ ರೆಕಾರ್ಡುಗಳು ಅಚ್ಚಾಗಿ ಬಂದಿದ್ದು ಬರೀ ಬಿಳೀ ರಟ್ಟಿನ ಕವರಿನಲ್ಲಿ. ಆ ರಟ್ಟಿಗೆ ಮುಂದೊಂದು ಹಿಂದೊಂದು ಹಾಳೆ ಅಂಟಿಸುವುದನ್ನು ಪಾದ್ರಿ ಪ್ರೌಟ್ ಪ್ರೀತಿಯ ಸೇವೆ ಎಂದು ಕರೆದು ಶನಿವಾರದ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದ. ದುಡ್ಡು ಉಳಿಸುವುದಕ್ಕೆ ಹೋಮ್‌ರಾಯ್ಡಿನ ಮೆಥಡಿಸ್ಟರು ಇಟ್ಟ ಚಂದದ ಹೆಸರುಗಳಲ್ಲಿ ಇದೂ ಒಂದು. ಮುಂದಿನ ಹಾಳೆಯಲ್ಲಿ ನೇರಳೆ ಬಣ್ಣದ ಚಿತ್ರ: ಮಂಚದ ಮೇಲೆ ಮಲಗಿದ ಹುಡುಗಿ, ಕಿಟಕಿಯಾಚೆ ಸೂರ್ಯನ ಜಾಗದಲ್ಲಿ ಒಂದು ಕಣ್ಣು, ಆ ಕಣ್ಣಿಗೆ ರೆಪ್ಪೆಗೂದಲಿನ ಬದಲು ಮೀನುಗಳು. ಲಂಡನ್ನಿನ ಹುಡುಗರು ಇಂಥದ್ದನ್ನು ಬರೆಯಬೇಕಾದರೆ ಏನೇನೋ ನುಂಗುತ್ತಾರಂತೆ. ಇಲ್ಲಿಯ ಮಕ್ಕಳಿಗೆ ಕಡುಚಹಾ ಮತ್ತು ಹಂದಿಮಾಂಸದ ಕಡುಬು ಸಾಕು, ಅಷ್ಟಕ್ಕೇ ತಲೆ ತಿರುಗುತ್ತದೆ ಎಂದುಕೊಂಡು ಹೆಡ್ಲಿ ತನ್ನ ಪಾಲಿಗೆ ಬಂದ ಹಿಂದಿನ ಹಾಳೆಗಳ ಕಟ್ಟನ್ನು ಎಳೆದುಕೊಂಡ. ಮೇಲೆ ತಂಡದ ಹೆಸರು, 'ಯಾಯೀರನ ಮಗಳು'. ಅದರ ಕೆಳಗೆ ಹಾಡುಗಳು. ಅದರ ಕೆಳಗೆ ಪಾದ್ರಿಯ ನಾಲ್ಕು ಮಾತು, ಅದರಲ್ಲಿ ಹೆಡ್ಲಿಯ ಹೆಸರು. ಕುಂಚ ಅಂಟಿನಲ್ಲೇ ನಿಂತಿತು.

'ಈ ರೆಕಾರ್ಡುಗಳು ತೊಂಬತ್ತೊಂಬತ್ತೇ, ದೊಡ್ಡಿಯಲ್ಲಿ ಉಳಿದ ಕುರಿಗಳ ಹಾಗೆ. ನೂರನೆಯದು ತಪ್ಪಿಸಿಕೊಂಡು ಬಹುಕಾಲ ಗುಡ್ಡದಲ್ಲಿತ್ತು. ಅದು ಸಿಕ್ಕ ಗಳಿಗೆಯನ್ನು ನೀವು ಹಿಂಬದಿಯ ಕೊನೆಯ ಹಾಡಿನಲ್ಲಿ ಕೇಳುವಿರಿ. ಅಂದು ಸಂಜೆ ನಮ್ಮ ಆರ್ಗನ್ ನುಡಿಸುವ ಬ್ರದರ್ ಹೆಡ್ಲಿಯ ಕಲ್ಲೆದೆ ಕರಗಿತು, ಅವರ ಬೆರಳುಗಳ ಮೇಲೆ ಪವಿತ್ರಾತ್ಮ ಇಳಿಯಿತು. ನಾವೆಲ್ಲರೂ ಅದಕ್ಕೆ ಸಾಕ್ಷಿ.' ನೂರು ತುಂಬಿದರೆ ಸರ್ಕಾರ ತೆರಿಗೆ ಕೇಳುತ್ತದೆ ಎಂದು ಒಂದು ಕಡಿಮೆ ಹಾಕಿಸಿದ್ದು ಊರಿಗೆಲ್ಲ ಗೊತ್ತು. ತೆರಿಗೆ ತಪ್ಪಿಸಿದ್ದಕ್ಕೆ ಯೇಸು ಹೇಳಿದ ಕಥೆಯ ಕುರಿಗಳನ್ನು ಎಳೆದು ತಂದು, ಆ ತಪ್ಪಿಸಿಕೊಂಡ ಒಂದು ಕುರಿ ಇವನೇ ಎಂದು ಅಚ್ಚು ಹಾಕಿಸಲು ಎಂಥ ತಲೆ ಬೇಕು. ಗ್ಯಾಸ್ ಒಲೆಗಳ ಅಂಗಡಿಯಲ್ಲಿ ದಿನವಿಡೀ ಹೆಂಗಸರಿಗೆ ಉರಿ ದೊಡ್ಡದು ಚಿಕ್ಕದು ಮಾಡಿ ತೋರಿಸುವ ತಾನು ಈಗ ಕುರಿ. ಎದುರಿಗೆ ಕೂತ ಮಿಸೆಸ್ ಕ್ರ್ಯಾಬ್‌ಟ್ರೀ ಅವನು ಓದುತ್ತಿರುವುದನ್ನು ಕಂಡು ಕಣ್ಣು ತುಂಬಿಕೊಂಡು ತಲೆಯಾಡಿಸಿದಳು. ಹೆಡ್ಲಿ ಹಾಳೆಗೆ ಅಂಟು ಬಳಿದು, ರಟ್ಟಿನ ಮೇಲೆ ಮಗುಚಿ, ಅಂಗೈಯಿಂದ ಒತ್ತಿ ಸವರಿದ. ಮುಂದಿನದನ್ನು ಎತ್ತಿಕೊಂಡ. ಪ್ರತಿ ಹಾಳೆಯಲ್ಲೂ ಅವನ ಎದೆ ಕರಗುತ್ತಲೇ ಇತ್ತು.

ಕರಗಿದ್ದು ಎದೆಯಲ್ಲ. ಆ ಸಂಜೆ ಲಿನೆಟ್ ಬಂದು ಕೇಳಿದಾಗ ಅವನು ಕೀರ್ತನೆಗಳ ಪುಸ್ತಕಗಳನ್ನು ಜೋಡಿಸುತ್ತಿದ್ದ. ಮಗಳು ತಾನಾಗಿ ಬಂದು ಅವನನ್ನು ಏನಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಚಿಕ್ಕಂದಿನಲ್ಲಿ ಅವಳು ಪಿಯಾನೋ ನುಡಿಸುತ್ತಿದ್ದಳು. ಚೆನ್ನಾಗಿಯೇ ನುಡಿಸುತ್ತಿದ್ದಳು ಎಂದು ಈಗ ಒಪ್ಪಿಕೊಳ್ಳಬಹುದು. ಒಂದು ದಿನ ಊಟದ ಮನೆಯಿಂದಲೇ ಅವನು, 'ಮ್ಯೂರಿಯಲ್, ಬೆಕ್ಕನ್ನ ಪಿಯಾನೋ ಮೇಲಿಂದ ಇಳಿಸೇ' ಎಂದು ಹೆಂಡತಿಗೆ ಕೂಗಿ ಹೇಳಿದ್ದ. ಮ್ಯೂರಿಯಲ್ ನಕ್ಕಿದ್ದಳು, ಗಂಡ ತಮಾಷೆ ಮಾಡಿದಾಗ ನಕ್ಕುಬಿಟ್ಟರೆ ಮುಂದಿನ ತಮಾಷೆ ತನ್ನ ಮೇಲೆ ತಿರುಗುವುದಿಲ್ಲ ಎಂದು ಕಲಿತವಳು ಅವಳು. ಲಿನೆಟ್ ಮುಚ್ಚಳ ಹಾಕಿ ಎದ್ದವಳು ಮತ್ತೆ ಅದನ್ನು ತೆರೆಯಲಿಲ್ಲ. ಗಿಟಾರು ಕೊಂಡಳು. ಪಾದ್ರಿಯ ಯುವಕ ಸಂಘಕ್ಕೆ ಸೇರಿದಳು. ಟೀವಿ ರಿಪೇರಿ ಮಾಡುವ ಆಲ್ವಿನ್ ಎಂಬವನ ಜೊತೆ, ಕಣಜದ ಗೂಡಿಗೆ ಕಲ್ಲು ಬಿದ್ದಂತೆ ಸದ್ದು ಮಾಡುವ ಒಂದು ಡಬ್ಬಿಯನ್ನು ಗಿಟಾರಿಗೆ ಸಿಕ್ಕಿಸಿಕೊಂಡು, ಧ್ವನಿ ಕನಸಿನಲ್ಲಿ ಕೇಳಿಸಿದ ಹಾಗಿರಬೇಕು ಎಂದು ಚಾಪೆಲ್ಲಿನ ಕಲ್ಲಿದ್ದಲ ಕೋಣೆಗೆ ಮೈಕು ಇಳಿಬಿಟ್ಟು, ಅಲ್ಲಿ ಕಲ್ಲಿದ್ದಲ ಮೇಲೆ ಮಂಡಿಯೂರಿ ಕೂತು ಹಾಡಿದಳು. ಬೇರೆ ಊರಿನ ಮಕ್ಕಳು ಓಡಿಹೋಗಿ ಕೆಡುತ್ತಾರೆ. ತನ್ನ ಮಗಳು ಪ್ರಾರ್ಥನೆ ಮಾಡಿ ಕೆಟ್ಟಳು ಎಂದು ಹೆಡ್ಲಿ ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ.

'ಅಪ್ಪಾ, ಕೊನೇ ಹಾಡಿಗೆ ಆರ್ಗನ್ ಬೇಕು. ಬರ್ತೀರಾ?' ಎಂದಿದ್ದಳು.

'ಏನು ನುಡಿಸ್ಬೇಕು? ನಿಮ್ಮ ಹಾಡಿಗೆ ಸ್ವರ ಗಿರ ಇದೆಯೋ, ಇಲ್ಲ ಎಲ್ಲಾ ಆತ್ಮವೇ ನೋಡ್ಕೊಳ್ಳುತ್ತೋ?'

'ನಾನು ಹಾಡೋದು ನಿಲ್ಲಿಸ್ತೀನಿ. ಆಗ ನೀವು ಶುರು ಮಾಡಿ. ನಿಮಗೆ ಏನು ತೋಚುತ್ತೋ ಅದು. ನಾನು ಕೈ ಎತ್ತಿದ್ರೆ ಸಾಕು ಅಂತ.'

ಅವನು ಬಂದ. ಸುಮ್ಮನೆ ನಾಲ್ಕು ಸ್ವರ ಹಿಡಿದು ಇಳಿದುಹೋಗುವ ಎಂದೇ ಬಂದಿದ್ದ. ಮೇಲಿನ ಅಟ್ಟದಲ್ಲಿ ಸಭೆಗೆ ಬೆನ್ನು ಮಾಡಿ ಆರ್ಗನ್ನಿನ ಮುಂದೆ ಕೂತಾಗ, ಎದುರಿಗೆ ತೂಗುಹಾಕಿದ, ಮುಖ ನೋಡಿಕೊಳ್ಳುವ ಕನ್ನಡಿಯಷ್ಟೇ ಗಾತ್ರದ ಕನ್ನಡಿಯಲ್ಲಿ ಕೆಳಗಿನ ಚಾಪೆಲ್ಲು ಪೂರ್ತಿ ಕಾಣುತ್ತಿತ್ತು: ಗಡ್ಡ ಬಿಟ್ಟು ಚಳಿಗಾಲದಲ್ಲೂ ಬರಿಗಾಲಿಗೆ ಚಪ್ಪಲಿ ಮೆಟ್ಟಿದ ಪ್ರೌಟ್ ಕಣ್ಣು ಮುಚ್ಚಿ ಅಂಗೈ ಮೇಲೆ ಮಾಡಿ ನಿಂತಿದ್ದ, ಏನೋ ತೊಟ್ಟಿಕ್ಕುವುದನ್ನು ಹಿಡಿಯುವವನಂತೆ. ಆ ಅಂಗೈಗಳನ್ನು ನೋಡಿದ್ದೇ ಹೆಡ್ಲಿಗೆ ಒಳಗಿಂದ ಉಕ್ಕಿ ಬಂತು. ಮೊದಲು ಪ್ರೌಟ್‌ನನ್ನೇ ನುಡಿಸಿದ. ಅವನ ಪ್ರಸಂಗದ ಏರು, ಇಳಿತ, ಕೊನೆಗೆ ಮೂಗಿನಲ್ಲಿ ಎಳೆಯುವ ಆಮೆನ್. ಆಮೇಲೆ ಆರ್ಗನ್ನಿನ ದನಿ ಬದಲಿಸುವ ಸ್ಟಾಪು ಗುಬಟುಗಳಲ್ಲಿ ಕಂಪಿಸುವುದನ್ನು ಎಳೆದು ಮಿಸೆಸ್ ಕ್ರ್ಯಾಬ್‌ಟ್ರೀ ಮೇಲಿನ ಸ್ವರಕ್ಕೆ ಕೈ ಚಾಚಿ ಎಟುಕದೆ ಜಾರುವುದನ್ನು ನುಡಿಸಿದ. ಸಭೆಗೆ ಪ್ರಾಣವಾದ ಒಂದು ಕೀರ್ತನೆಯನ್ನು ತಲೆಕೆಳಗು ಮಾಡಿ, ಮೇಕೆಯಂತೆ ಅರಚುವ ಸ್ಟಾಪಿನಲ್ಲಿ ಕುಂಟಿಸಿ ನಡೆಸಿದ. ಇಷ್ಟು ಹೊತ್ತಿಗೆ ನಿಲ್ಲಿಸಬೇಕಿತ್ತು. ಕನ್ನಡಿಯಲ್ಲಿ, ತನ್ನ ಭಾಗ ಹಾಡಿ ಕಲ್ಲಿದ್ದಲ ಕೋಣೆಯಿಂದ ಮೇಲೆ ಬಂದಿದ್ದ ಲಿನೆಟ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅವನ ಕಡೆಗೆ ಬೆನ್ನು ಮಾಡಿ ನಿಂತಿದ್ದಳು, ಕೈ ಎತ್ತಿರಲಿಲ್ಲ. ಆಮೇಲೆ ಯಾರನ್ನು ಅಣಕಿಸುತ್ತಿದ್ದೇನೆ ಎಂಬುದೂ ಹೋಯಿತು. ಕಾಲು ತಾನಾಗಿ ಕೆಳಗಿನ ಸ್ವರಗಳನ್ನು ತುಳಿಯಿತು, ಎರಡೂ ಕೈ ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಹೋಮ್‌ರಾಯ್ಡ್, ಗ್ಯಾಸ್ ಒಲೆ, ಮ್ಯೂರಿಯಲ್ಲಳ ಹೆದರಿದ ನಗು, ಕಲ್ಲಿದ್ದಲ ಮೇಲೆ ಕೂತು ಹಾಡುವ ಮಗಳು, ಎಲ್ಲರನ್ನೂ ನೋಡಿ ಆರ್ಗನ್ನಿಗೆ ಆರ್ಗನ್ನೇ ಬಿದ್ದು ಬಿದ್ದು ನಗುತ್ತಿತ್ತು. ಅಷ್ಟು ಸುಖ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಕೈ ತೆಗೆದಾಗ ಕೆಳಗೆ ಪಾದ್ರಿ ಮಂಡಿಯೂರಿ ಬಿಕ್ಕುತ್ತಿದ್ದ.

'ಬ್ರದರ್ ಹೆಡ್ಲಿ, ಒಂದು ನಿಮಿಷ.' ಪ್ರೌಟ್ ಈಗ ಅಂಟಿನ ಮೇಜಿನ ಬಳಿ, ಅವನ ಹೆಗಲ ಹಿಂದೆಯೇ ನಿಂತಿದ್ದ. 'ಓದಿದ್ರಾ? ನಾನು ಏನಾದ್ರೂ ಜಾಸ್ತಿ ಬರೆದುಬಿಟ್ಟೆನೋ ಅಂತ ನನ್ನ ಮನಸ್ಸು ಕೊರೀತಿತ್ತು.'

'ಕಡಿಮೆಯೇ ಆಯ್ತು. ಕುರಿಗೆ ಬಾಲ ಬರೀಲಿಲ್ಲ ನೀವು.'

ಪ್ರೌಟ್ ಮನಸಾರೆ ನಕ್ಕ. ಇದೇ ಹೊಸ ಫಜೀತಿ. ಆ ಸಂಜೆಯಿಂದ ಹೆಡ್ಲಿ ಏನು ಚುಚ್ಚಿ ಮಾತಾಡಿದರೂ ಜನರಿಗೆ ಅದು ಪಾಪದಿಂದ ರಕ್ಷಣೆ ಹೊಂದಿದವನ ಲವಲವಿಕೆಯಾಗಿ ಕೇಳಿಸುತ್ತಿತ್ತು. 'ಇವತ್ತು ಚಹಾ ಆದಮೇಲೆ ರೆಕಾರ್ಡುಗಳ ಪ್ರತಿಷ್ಠೆಯ ಕೂಟ ಇದೆಯಲ್ಲ, ಮೊದಲು ನೀವು ಸಾಕ್ಷಿ ಹೇಳ್ತೀರಿ. ಆಮೇಲೆ ಕೊನೇ ಹಾಡನ್ನ ನೀವೂ ಲಿನೆಟ್ಟೂ ಜನರ ಮುಂದೆ. ಅದೇ ಆರ್ಗನ್, ಅದೇ ಅಪ್ಪ, ಅದೇ ಮಗಳು. ಆತ್ಮ ಇಳಿದ ಜಾಗಕ್ಕೆ ಮತ್ತೆ ಇಳಿಯುತ್ತೆ, ನೋಡ್ತಾ ಇರಿ.'

'ನನಗೆ ಸಾಕ್ಷಿ ಗೀಕ್ಷಿ ಹೇಳಿ ಅಭ್ಯಾಸ ಇಲ್ಲ ಪಾದ್ರಿಗಳೇ.'

'ಅಭ್ಯಾಸ ಇಲ್ಲದವರ ಸಾಕ್ಷಿಯೇ ಸಾಕ್ಷಿ!' ಎಂದು ಮಿಸೆಸ್ ಕ್ರ್ಯಾಬ್‌ಟ್ರೀ ಎದುರಿನಿಂದ ಕುಂಚ ಎತ್ತಿದಳು. ಅಂಟು ಅವಳ ತೋಳಿನ ಮೇಲೆ ತೊಟ್ಟಿಕ್ಕಿತು. 'ಏನಿದೆಯಪ್ಪಾ ಅದರಲ್ಲಿ, ಮುಂಚೆ ಹೇಗಿದ್ದೆ, ಈಗ ಹೇಗಿದ್ದೀನಿ, ಅಷ್ಟೇ. ನಾನು ಹೇಳಲ್ವೇ ಪ್ರತಿ ವರ್ಷ?'

ಹೇಳುತ್ತಾಳೆ, ಯಾರಿಗೆ ಗೊತ್ತಿಲ್ಲ. ಅದೇ ಮಾತು, ಅದೇ ಜಾಗದಲ್ಲಿ ಅದೇ ಗಂಟಲು ಕಟ್ಟುವುದು. ಹೆಡ್ಲಿ ಮೇಲೆ ಕೂತು ಕೆಳದನಿಯಲ್ಲಿ ಆರ್ಗನ್ ನುಡಿಸುತ್ತ, ಗಂಟಲು ಕಟ್ಟುವುದಕ್ಕೆ ಸರಿಯಾಗಿ ಸ್ವರ ಬದಲಿಸುತ್ತಿದ್ದ. ತಾನಿಲ್ಲದಿದ್ದರೆ ಅವಳ ರಕ್ಷಣೆಗೆ ಅಷ್ಟು ಕಳೆ ಬರುತ್ತಿರಲಿಲ್ಲ ಎಂಬುದು ಅವನ ಲೆಕ್ಕ. ಸಾಕ್ಷಿ ಹೇಳಬೇಕಾದರೆ ಮೊದಲು ಪಾಪ ಇರಬೇಕು, ಹೋಮ್‌ರಾಯ್ಡಿನಲ್ಲಿ ಪಾಪಕ್ಕೇ ಬರ. ಬಡಪಾಯಿ ಆಲ್ವಿನ್ ತನ್ನ ಸಾಕ್ಷಿಯಲ್ಲಿ ತಾನು ಅಮಲು ಬರುವ ಸಿಗರೇಟು ಸೇದುತ್ತಿದ್ದೆ, ಗೋಡೆಗಳು ಉಸಿರಾಡುತ್ತಿದ್ದವು ಎಂದೆಲ್ಲ ಹೇಳಿ ಅತ್ತಿದ್ದ. ಅದು ಅವನಜ್ಜಿ ದಮ್ಮಿಗೆ ಸೇದುವ ಔಷಧಿ ಸಿಗರೇಟು ಎಂದು ಆಮೇಲೆ ಅಜ್ಜಿಯೇ ಎದ್ದು ಹೇಳಿದಳು. ಇಂಥವರ ನಡುವೆ ತಾನು ನಿಂತು ಏನು ಹೇಳಬೇಕು? ನಿಮ್ಮನ್ನೆಲ್ಲ ಅಣಕಿಸಿದೆ, ನೀವು ಮಂಡಿಯೂರಿದಿರಿ ಎಂದೇ? ಹೇಳಿಬಿಡಬಹುದಿತ್ತು. ಇವರ ಮುಖಗಳು ಬಾಡುವುದನ್ನು ನೋಡಲು ಅವನು ಒಂದು ವರ್ಷದ ಸಂಬಳ ಬೇಕಾದರೂ ಕೊಡುತ್ತಿದ್ದ. ಆದರೆ ಲಿನೆಟ್ ಇದ್ದಳಲ್ಲ.

ಆ ಸಂಜೆ ಅವಳು ಹೆಡ್‌ಫೋನು ತೆಗೆದು, ಅಟ್ಟದ ಮೆಟ್ಟಿಲು ಹತ್ತಿ ಬಂದು, ಒಂದು ಮಾತೂ ಆಡದೆ ಅವನ ಹಣೆಗೆ ಮುತ್ತು ಕೊಟ್ಟಿದ್ದಳು. ಅವಳ ಮೊಣಕಾಲಿಗೆ ಕಲ್ಲಿದ್ದಲ ಮಸಿ ಹತ್ತಿತ್ತು. ಅವತ್ತಿನಿಂದ ಮನೆಯಲ್ಲಿ ಅವಳೇ ಅವನಿಗೆ ಚಹಾ ತಂದು ಕೊಡುತ್ತಾಳೆ. ಅವನು ರೇಡಿಯೋ ಕೇಳುವಾಗ ಹತ್ತಿರ ಬಂದು ಕೂರುತ್ತಾಳೆ. ಮೊನ್ನೆ ಅವನ ಕೋಟಿನ ಗುಂಡಿ ಹೊಲಿದುಕೊಟ್ಟಳು. ಸುಳ್ಳಿಗೆ ಸಿಕ್ಕ ಮುತ್ತು, ಸುಳ್ಳಿಗೆ ಸಿಕ್ಕ ಚಹಾ. ಪಾದ್ರಿ ನಂಬಿದರೆ ಅವನಿಗೇನು, ಊರೇ ನಂಬಲಿ; ಆದರೆ ಮಗಳು ಅಪ್ಪ ಕರಗಿದ ಎಂದು ನಂಬಿ ಗುಂಡಿ ಹೊಲಿಯುತ್ತಾಳಲ್ಲ, ಆ ಸೂಜಿ ಬಟ್ಟೆಗಲ್ಲ, ಅವನಿಗೇ ಒಳಗೆ ಚುಚ್ಚಿದಂತಿತ್ತು. ನಿಜ ಗೊತ್ತಾದ ದಿನ ಅವಳು ಪಿಯಾನೋ ಮುಚ್ಚಿದ ಹಾಗೆ ಮುಚ್ಚುತ್ತಾಳೆ, ಮತ್ತೆ ತೆರೆಯುವುದಿಲ್ಲ. ಅವನಿಗೆ ನಗೆಪಾಟಲಾಗುವುದು ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಹರೆಯದಲ್ಲಿ ಲಂಡನ್ನಿಗೆ ಹೋಗಿ ದೊಡ್ಡ ಆರ್ಗನ್ ಪರೀಕ್ಷೆಗೆ ಕೂತಿದ್ದ. ನುಡಿಸಿ ಮುಗಿಸಿದ ಮೇಲೆ ಪರೀಕ್ಷಕರಲ್ಲಿ ಒಬ್ಬ, ನೀವು ಎಲ್ಲಿ ನುಡಿಸುವುದು ಎಂದು ಕೇಳಿದ. ಹೋಮ್‌ರಾಯ್ಡ್, ಪ್ರಾವಿಡೆನ್ಸ್ ಚಾಪೆಲ್ ಎಂದ. ಇಬ್ಬರೂ ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡದೆಯೇ ಒಟ್ಟಿಗೆ ಮುಗುಳ್ನಕ್ಕರು. ಫಲಿತಾಂಶ ಬರುವ ಮುಂಚೆಯೇ ಅವನಿಗೆ ಫಲಿತಾಂಶ ತಿಳಿದಿತ್ತು. ಊರಿಗೆ ಹಿಂತಿರುಗುವ ರೈಲಿನಲ್ಲಿ ಕೂತು ಅವನು ಆ ಮುಗುಳ್ನಗೆಯನ್ನು ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಅಭ್ಯಾಸ ಮಾಡಿದ್ದ. ಅಂದಿನಿಂದ ಅದೇ ಅವನ ಮುಖ.

'ರೀ, ಆ ಹಾಳೆ ತಲೆಕೆಳಗಾಗಿದೆ' ಎಂದಳು ಮ್ಯೂರಿಯಲ್, ಚಹಾದ ದೊಡ್ಡ ಪಾತ್ರೆಯ ಕಡೆಯಿಂದ ಲೋಟಗಳನ್ನು ತರುತ್ತ. ನೋಡಿದರೆ ಹೌದು, ಅವನ ಕರಗಿದ ಎದೆ ಕಾಲು ಮೇಲೆ ಮಾಡಿಕೊಂಡು ಅಂಟಿಕೊಂಡಿತ್ತು. ಕೀಳಲು ಹೋದರೆ ಹರಿಯಿತು. 'ಬಿಡಿ, ಅದನ್ನ ನಾವೇ ಇಟ್ಟುಕೊಳ್ಳೋಣ' ಎಂದು ಅವಳು ನಾಚಿಕೊಂಡು ಹೇಳಿದಳು. ಅವಳೂ ನಂಬಿದ್ದಾಳೆ. ಹೆಡ್ಲಿ ಕೈ ಒರೆಸಿಕೊಂಡು ಎದ್ದ. ಹೇಳಿಬಿಡುತ್ತೇನೆ, ಕೂಟಕ್ಕೆ ಮುಂಚೆ ಮಗಳೊಬ್ಬಳಿಗೆ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಆ ಚಪ್ಪಲಿ ಪಾದ್ರಿಯ ಮುಂದೆ ನಿಂತು ಎಂಥ ಸುಳ್ಳನ್ನಾದರೂ ಹೇಳಬಲ್ಲೆ ಎಂದುಕೊಂಡು ಚಾಪೆಲ್ಲಿನ ಬಾಗಿಲು ತಳ್ಳಿದ.

ಲಿನೆಟ್ ಮುಂದಿನ ಬೆಂಚಿನಲ್ಲಿ ಕೂತು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದಳು. ಅವನು ಅವಳ ಹಿಂದಿನ ಬೆಂಚಿನಲ್ಲಿ ಕೂತ, ಮುಖ ನೋಡಬೇಕಾಗದ ಹಾಗೆ.

'ಒಂದು ವಿಷಯ ಹೇಳ್ಬೇಕಮ್ಮ.'

'ಹೇಳಿ.'

'ಆ ದಿನ... ಅದು ಆತ್ಮ ಅಲ್ಲ.'

'ಮತ್ತೆ?'

'ನಾನು ನಗ್ತಾ ಇದ್ದೆ. ಪಾದ್ರೀನ, ಆ ಕ್ರ್ಯಾಬ್‌ಟ್ರೀನ. ನಿನ್ನನ್ನೂ. ಎಲ್ಲರನ್ನೂ ಗೇಲಿ ಮಾಡ್ತಾ ಇದ್ದೆ. ಇವರಿಗೆ ಗೊತ್ತಾಗಲಿಲ್ಲ, ಕುರಿಗಳು.'

ಅವಳು ತಂತಿಯನ್ನು ಮೀಟಿ ಕಿವಿಗೊಟ್ಟು ಕೇಳಿ, ಇನ್ನಷ್ಟು ತಿರುಗಿಸಿದಳು. 'ನನಗೆ ಗೊತ್ತು' ಎಂದಳು.

'ಏನು ಗೊತ್ತು?'

'ನಗ್ತಿದ್ರಿ ಅಂತ. ಅದಕ್ಕೇ ನಿಮ್ಮನ್ನ ಕರೆದದ್ದು.' ಈಗ ಅವಳು ಹಿಂದಕ್ಕೆ ತಿರುಗಿದಳು. 'ಅಪ್ಪಾ, ನೀವು ಹಾಡು ಕೇಳಿಸಿಕೊಂಡಿದ್ದೀರಾ? ಪದಗಳನ್ನ?'

ಅವನು ಕೇಳಿಸಿಕೊಂಡಿರಲಿಲ್ಲ.

'ಯಾಯೀರನ ಕಥೆ. ಸಂಡೇಸ್ಕೂಲ್ ಮಗೂನ ಕೇಳಿದ್ರೂ ಹೇಳುತ್ತೆ. ಮಗಳು ಸತ್ತಳು ಅಂತ ಮನೆ ತುಂಬ ಜನ ಸೇರಿಕೊಂಡು ಗೋಳಾಡ್ತಿರ್ತಾರೆ. ಯೇಸು ಬಂದು, ಹುಡುಗಿ ಸತ್ತಿಲ್ಲ, ಮಲಗಿದ್ದಾಳೆ ಅಂತಾರೆ. ಆಗ ಅಳ್ತಿದ್ದ ಜನ ಏನು ಮಾಡ್ತಾರೆ?'

'ನಗ್ತಾರೆ' ಎಂದ ಹೆಡ್ಲಿ.

'ಹ್ಞೂಂ. ಗೇಲಿ ಮಾಡಿ ನಗ್ತಾರೆ. ಹಾಡಿನಲ್ಲಿ ಅಲ್ಲಿ ನಗು ಬೇಕಿತ್ತು. ಆಲ್ವಿನ್ ಕೈಲಿ ಗಿಟಾರಿನಲ್ಲಿ ಮಾಡಿಸಿ ನೋಡಿದೆ, ಅವನಿಗೆ ಯಾರನ್ನೂ ನೋಡಿ ನಗೋಕೇ ಬರಲ್ಲ, ಬಡಪಾಯಿ. ಹೋಮ್‌ರಾಯ್ಡಿನಲ್ಲೆಲ್ಲ ಹುಡುಕಿದ್ರೂ ನಿಮ್ಮಷ್ಟು ಚೆನ್ನಾಗಿ ಇನ್ನೊಬ್ಬರಿಲ್ಲ. ಮುಂಚೆಯೇ ಹೇಳಿದ್ರೆ ನೀವು ನಾಟಕ ಮಾಡ್ತಿದ್ರಿ. ಅದಕ್ಕೇ ಹೇಳಲಿಲ್ಲ.'

'ಪಾದ್ರಿಗಳು ಬರೆದದ್ದು?'

'ಅವರು ಮಂಡಿಯೂರಿ ಅಳ್ತಿದ್ರು. ಅವರಿಗೆ ಏನಂತ ಹೇಳ್ಲಿ? ಇಟ್ಟುಕೊಳ್ಳಲಿ ಅಂದುಕೊಂಡೆ.' ಅವಳ ತುಟಿಯ ಒಂದು ಮೂಲೆ ಎದ್ದಿತು. ಆ ಮೂಲೆ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು, ಅವನದೇ.

ಹೆಡ್ಲಿ ಕೇಳಿದ, 'ಮತ್ತೆ ಮುತ್ತು ಯಾಕೆ ಕೊಟ್ಟೆ? ಚಹಾ, ಗುಂಡಿ, ಅದೆಲ್ಲ?'

ಲಿನೆಟ್ ಗಿಟಾರನ್ನು ಪಕ್ಕಕ್ಕಿಟ್ಟಳು. 'ಹೆಡ್‌ಫೋನಿನಲ್ಲಿ ಕೇಳಿದ್ದು ಅದೇ ಮೊದಲ ಸಲ. ಕಿವಿ ಒಳಗೇ ನೀವು ಕೂತ ಹಾಗಿತ್ತು. ಮೊದಲು ಕೋಪ ಬಂತು. ಆಮೇಲೆ... ಅಷ್ಟು ಹೊತ್ತು ಒಬ್ಬರೇ ನಗ್ತಾ ಇದ್ರಿ ಅಪ್ಪ, ಜೊತೆಗೆ ಯಾರೂ ಇರಲಿಲ್ಲ. ಅಯ್ಯೋ ಪಾಪ ಅನ್ನಿಸ್ತು.'

ಅವನಿಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಜೀವಮಾನವೆಲ್ಲ ಊರಿಗೆ ಅಯ್ಯೋ ಪಾಪ ಎಂದವನನ್ನು ಹದಿನೇಳರ ಹುಡುಗಿ ಅಯ್ಯೋ ಪಾಪ ಎಂದಳು. ಅದೂ ನಿಜವಾಗಿ, ಮನಸ್ಸಿನಿಂದ, ಚುಚ್ಚುವ ಉದ್ದೇಶ ಕೂಡ ಇಲ್ಲದೆ. ಅಷ್ಟರಲ್ಲಿ ಬಾಗಿಲು ತೆರೆದು ಅಂಟಿನ ವಾಸನೆ, ಚಹಾದ ವಾಸನೆ, ಟೋಪಿಗಳು, ಕೋಟುಗಳು ಒಳಗೆ ನುಗ್ಗಿದವು. 'ಇವತ್ತೂ ಹಾಗೇ ನುಡಿಸಿ' ಎಂದಳು ಲಿನೆಟ್, ಮೆಲ್ಲಗೆ. 'ನಿಮಗೆ ಏನು ಅನ್ನಿಸುತ್ತೋ ಹಾಗೇ. ನನ್ನನ್ನ ನೋಡಿ ನಕ್ಕರೂ ಪರವಾಗಿಲ್ಲ.'

ಪ್ರೌಟ್ ಪ್ರಾರ್ಥಿಸಿದ. ರೆಕಾರ್ಡುಗಳ ಪೆಟ್ಟಿಗೆಯ ಮೇಲೆ ಕೈಯಿಟ್ಟು ಪ್ರತಿಷ್ಠೆ ಮಾಡಿದ. ಆಮೇಲೆ ನೂರನೆಯ ಕುರಿ ಮುಂದೆ ಬರಲಿ ಎಂದ, ಜನ ಪ್ರೀತಿಯಿಂದ ನಕ್ಕರು. ಹೆಡ್ಲಿ ಮುಂದೆ ಬಂದು ಪ್ರಸಂಗದ ಪೀಠದ ಅಂಚು ಹಿಡಿದು ನಿಂತ. ವರ್ಷಗಟ್ಟಲೆ ಅವನು ಈ ಮುಖಗಳನ್ನು ಕನ್ನಡಿಯಲ್ಲೇ ನೋಡಿದ್ದು. ಹೀಗೆ ನೇರ ನೋಡಿದಾಗ ಎಲ್ಲ ತೀರ ಹತ್ತಿರ ಇದ್ದವು. ಸುಳ್ಳು ಹೇಳುವುದಕ್ಕೆ ಮಗಳ ಕಾರಣವಿತ್ತು, ಆ ಕಾರಣ ಈಗ ಹೋಗಿತ್ತು. ಹಾಗಾದರೆ ನಿಜ ಹೇಳಬಹುದು, ಹೇಳಿ ಇವರ ಗಾಳಿಪಟದ ದಾರ ಕತ್ತರಿಸಬಹುದು ಎನ್ನಿಸಿ ಒಂದು ಗಳಿಗೆ ಹಳೆಯ ಖುಷಿ ಚಿಗುರಿತು.

'ಆ ಸಂಜೆ' ಎಂದ. ಗಂಟಲು ಕಟ್ಟಿತು, ಮಿಸೆಸ್ ಕ್ರ್ಯಾಬ್‌ಟ್ರೀಗೆ ಕಟ್ಟುವ ಹಾಗೆ. 'ಆ ಸಂಜೆ ನಾನು ನಗ್ತಾ ಇದ್ದೆ.'

ಪೀಠದ ಮೇಲಿಂದ ಸ್ವಲ್ಪ ಮುಂದಕ್ಕೆ ಬಾಗಿದ.

'ನಿಮ್ಮನ್ನೆಲ್ಲ ನೋಡಿ ನಗ್ತಾ ಇದ್ದೆ. ಬೇರೇನೂ ಇಲ್ಲ. ಬರೀ ನಗು.'

'ಸ್ತೋತ್ರ!' ಎಂದು ಕೂಗಿದಳು ಮಿಸೆಸ್ ಕ್ರ್ಯಾಬ್‌ಟ್ರೀ.

'ಬೈಬಲಿನಲ್ಲಿ ಸಾರಳೂ ನಕ್ಕಳಲ್ಲವೇ!' ಪ್ರೌಟ್ ಎರಡೂ ಕೈ ಮೇಲೆತ್ತಿ ಮುಂದೆ ನುಗ್ಗಿದ. 'ತೊಂಬತ್ತರ ಮುದುಕಿಗೆ ಮಗು ಕೊಡ್ತೀನಿ ಅಂತ ದೇವರು ಅಂದಾಗ ಸಾರ ನಕ್ಕಳು! ಆ ನಗುವನ್ನೇ ದೇವರು ಮಗುವಾಗಿ ಕೊಟ್ಟ! ಬ್ರದರ್ ಹೆಡ್ಲಿ, ಕರ್ತನ ಆನಂದ ಅಂದ್ರೆ ಅದೇ, ಆ ನಗುವೇ! ಇಷ್ಟು ಸರಳವಾದ ಸಾಕ್ಷಿ ನಾನು ಕೇಳಿಲ್ಲ.' ಬಿಗಿಯಾಗಿ ತಬ್ಬಿಕೊಂಡ. ಗಡ್ಡದಲ್ಲಿ ಹಂದಿಮಾಂಸದ ಕಡುಬಿನ ಪುಡಿಯಿತ್ತು. ಬೆಂಚುಗಳಲ್ಲಿ ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು, ಆಲ್ವಿನ್ ಕೂಡ ನಗಲು ಪ್ರಯತ್ನಿಸುತ್ತಿದ್ದ. ಇವರಿಗೆ ನಿಜವನ್ನು ಹೇಳುವ ದಾರಿಯೇ ಇರಲಿಲ್ಲ. ಏನು ಎಸೆದರೂ ಹಿಡಿದು ಎದೆಗೊತ್ತಿಕೊಳ್ಳುವ ಜನ. ಗುಂಪಿನಲ್ಲಿ ಮ್ಯೂರಿಯಲ್ ಮಾತ್ರ ನಗಲಿಲ್ಲ. ಅವಳು ತಲೆ ತಗ್ಗಿಸಿ ಕೈಚೀಲದ ಕೊಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದಳು. ಅವಳಿಗೆ ಅರ್ಥವಾಗಿದೆ ಎಂದು ಹೆಡ್ಲಿಗೆ ಹೊಳೆಯಿತು. ಇಪ್ಪತ್ತು ವರ್ಷ ಅದೇ ನಗುವಿನ ಜೊತೆ ಊಟಕ್ಕೆ ಕೂತವಳಿಗೆ ಅರ್ಥವಾಗದೆ ಇನ್ನಾರಿಗೆ ಆಗಬೇಕು.

ಅವನು ಅಟ್ಟ ಹತ್ತಿದ. ಕೆಳಗೆ ಲಿನೆಟ್ ಶುರು ಮಾಡಿದಳು. ಈ ಸಲ ಪದಗಳನ್ನು ಕೇಳಿಸಿಕೊಂಡ. ಒಬ್ಬ ಅಪ್ಪ, ದೊಡ್ಡ ಮನುಷ್ಯ, ಬೀದಿಯಲ್ಲಿ ಜನರ ಮುಂದೆ ಒಬ್ಬನ ಕಾಲಿಗೆ ಬಿದ್ದು, ನನ್ನ ಪುಟ್ಟ ಮಗಳು ಸಾಯುತ್ತಿದ್ದಾಳೆ, ಬಾ ಎನ್ನುತ್ತಾನೆ. ಅಷ್ಟೇ. ಅದನ್ನು ಅವಳು ಯಾವ ಅಲಂಕಾರವೂ ಇಲ್ಲದೆ ಹಾಡಿದಳು. ಅವಳ ದನಿ ಕಲ್ಲಿದ್ದಲ ಕೋಣೆಯಲ್ಲಿದ್ದಷ್ಟು ದೂರದಲ್ಲಿರಲಿಲ್ಲ, ಒಂದೆರಡು ಕಡೆ ಬಿರಿಯಿತು ಕೂಡ. ಅವನು ಅದಕ್ಕೆ ಕೊಂಕು ತೆಗೆಯಲು ಹೋಗಿ ತೆಗೆಯಲಿಲ್ಲ. ಆಮೇಲೆ ಅವಳು ನಿಲ್ಲಿಸಿದಳು. ಇವನ ಸರದಿ.

ಹೆಡ್ಲಿ ಮೊದಲ ಸ್ವರ ಹಿಡಿದು ಕನ್ನಡಿ ನೋಡಿದ. ಅಂಗೈ ಚಾಚಿದ ಪ್ರೌಟ್ ಅಲ್ಲೇ ಇದ್ದ, ಚಪ್ಪಲಿಯೂ ಇತ್ತು. ಮೇಕೆ ದನಿಯ ಸ್ಟಾಪು ಎಳೆದ, ಅದು ಬರೀ ಹಳೆಯ ಕೊಳವೆಯ ದನಿ ಮಾಡಿತು. ನಲ್ಲಿ ತಿರುಗಿಸಿದರೆ ಬರುವಷ್ಟು ಸುಲಭವಾಗಿ ಇಷ್ಟು ದಿನ ಬರುತ್ತಿದ್ದ ಗೇಲಿ ಬರಲಿಲ್ಲ. ಕೆಳಗೆ ಇದ್ದವರು ಮುದುಕರು, ಶೀತವಾದವರು, ಶನಿವಾರ ಮಧ್ಯಾಹ್ನ ಅಂಟು ಬಳಿದು ಕೈ ಒಡೆಸಿಕೊಂಡವರು, ಅಷ್ಟೇ. ಮಗಳನ್ನು ನೋಡಿದ. ಅವಳು ಬೆನ್ನು ತಿರುಗಿಸಿ, ಕತ್ತು ಸ್ವಲ್ಪ ಓರೆ ಮಾಡಿ, ಕಾಯುತ್ತಿದ್ದಳು. ಆ ಕತ್ತನ್ನು ನೋಡಿ ಅವನಿಗೆ ನಗಲು ಆಗಲಿಲ್ಲ. ಬೇರೆ ಏನು ಮಾಡಬೇಕೋ ತಿಳಿಯದೆ ಹಿಡಿದ ಸ್ವರಗಳನ್ನೇ ಹಿಡಿದುಕೊಂಡು, ಒಂದನ್ನು ಬಿಟ್ಟು ಪಕ್ಕದ್ದನ್ನು ಹಿಡಿದು, ಎಳೆಮಕ್ಕಳ ಪಾಠದ ಹಾಗೆ ಪಕ್ಕದಿಂದ ಪಕ್ಕಕ್ಕೆ ಮೆಲ್ಲಗೆ ಸರಿದ. ಅದು ಅವನು ಮನಸ್ಸಿಟ್ಟು ನುಡಿಸಿದ್ದು. ಕನ್ನಡಿಯಲ್ಲಿ ಪ್ರೌಟ್ ಒಂದು ಕಣ್ಣು ತೆರೆದ. ಯಾರೋ ಕೆಮ್ಮಿದರು. ಅಂಗೈಗಳು ಒಂದೊಂದಾಗಿ ಜೇಬು ಸೇರಿದವು. ಲಿನೆಟ್ ಇನ್ನೂ ಸ್ವಲ್ಪ ಕಾದಳು, ಆಮೇಲೆ ಕೈ ಎತ್ತಿದಳು. ಅವನು ನಿಲ್ಲಿಸಿದ.

ಹಾಡು ಮುಗಿದ ಮೇಲೆ ಮಿಸೆಸ್ ಕ್ರ್ಯಾಬ್‌ಟ್ರೀ ಏದುಸಿರು ಬಿಡುತ್ತ ಅಟ್ಟ ಹತ್ತಿ ಬಂದು ಅವನ ಬೆನ್ನು ಸವರಿದಳು. 'ಬೇಜಾರು ಮಾಡ್ಕೋಬೇಡಿ ಮಿಸ್ಟರ್ ಬಾರಕ್ಲಫ್. ದಿನಾ ಇಳಿದು ಬಾ ಅಂದ್ರೆ ಆತ್ಮ ತಾನೇ ಏನು ಮಾಡುತ್ತೆ? ಅದಕ್ಕೂ ಬೇರೆ ಊರುಗಳಿವೆ.' ಅವಳ ಟೋಪಿಯ ಮೇಲೆ ಬಟ್ಟೆಯ ಚೆರ್ರಿ ಹಣ್ಣುಗಳ ಒಂದು ಗೊಂಚಲು ಅಲ್ಲಾಡುತ್ತಿತ್ತು. ಅವಳು ಇಳಿದುಹೋದ ಮೇಲೆ ಲಿನೆಟ್ ಬಂದು ಬೆಂಚಿನ ತುದಿಯಲ್ಲಿ ಕೂತಳು.

'ನಗಲಿಲ್ಲ ನೀವು.'

'ಬರಲಿಲ್ಲ ಕಣಮ್ಮ.' ಇಷ್ಟು ಸಣ್ಣ ದನಿಯಲ್ಲಿ ಅವನು ಅವಳ ಜೊತೆ ಮಾತಾಡಿರಲಿಲ್ಲ. ಅವಳಿಗೆ ಖುಷಿಯಾಗುತ್ತದೆ, ಈಗಲಾದರೂ ಮುತ್ತು ಕೊಡುತ್ತಾಳೆ ಎಂದು ಕಾದ. 'ನಿಜವಾಗಿ ನುಡಿಸಿದೆ. ಹೇಗಿತ್ತು?'

ಅವಳು ಯೋಚಿಸಿದಳು. ಸುಳ್ಳು ಹೇಳುವ ಮಗಳಲ್ಲ ಅವಳು.

'ಸಪ್ಪೆಯಾಗಿತ್ತು ಅಪ್ಪ' ಎಂದಳು. ಆಮೇಲೆ, ಕಾಯಿಲೆಯವರಿಗೆ ಹೇಳುವಷ್ಟು ಮೃದುವಾಗಿ, 'ಪರವಾಗಿಲ್ಲ ಬಿಡಿ, ರೆಕಾರ್ಡಿನಲ್ಲಿ ಇದೆಯಲ್ಲ' ಎಂದು ಅವನ ಮೊಣಕಾಲು ತಟ್ಟಿ ಎದ್ದು, ಕೆಳಗೆ ತನಗಾಗಿ ಕಾಯುತ್ತಿದ್ದವರ ಕಡೆಗೆ ಹೋದಳು.

ಹೆಡ್ಲಿ ಕೂತೇ ಇದ್ದ. ಕೆಳಗೆ ಪ್ರೌಟ್ ತನ್ನ ಚಪ್ಪಲಿಯ ಬಾರು ಬಿಚ್ಚಿಹೋಗಿ ಒಂದೇ ಕಾಲಲ್ಲಿ ಕುಪ್ಪಳಿಸುತ್ತ ಎಲ್ಲರ ಕೈ ಕುಲುಕುತ್ತಿದ್ದ. ಆಲ್ವಿನ್ ರೆಕಾರ್ಡೊಂದನ್ನು ತಲೆಯ ಸುತ್ತ ಪ್ರಭಾವಳಿಯಂತೆ ಹಿಡಿದುಕೊಂಡು ಯಾವುದೋ ಹುಡುಗಿಗೆ ತೋರಿಸುತ್ತಿದ್ದ. ಹೆಡ್ಲಿ ಒಬ್ಬೊಬ್ಬರನ್ನಾಗಿ ನೋಡಿದ, ಇವರಲ್ಲಿ ನಗುವಂಥದ್ದು ಏನಿದೆ ಎಂದು ಹುಡುಕಿದ. ಎಲ್ಲ ಇತ್ತು. ನಗು ಮಾತ್ರ ಬರಲಿಲ್ಲ. ಅವನಿಗೆ ತುಂಬ ಹೆದರಿಕೆಯಾಯಿತು.